ಕಾವೇರಿ ಸಂಕ್ರಮಣದಿಂದ ಹುತ್ತರಿಯವರೆಗೆ: ಕೊಡಗಿನ ಮನೆಯನ್ನು ಹಗುರ ಮಾಡುವ ಕ್ರಮ

ಕೊಡಗಿನಲ್ಲಿ ಮನೆ ತುಂಬ ಸಾಮಾನು ಸೇರಿಕೊಂಡರೆ ಹೋಗುವುದು ಜಾಗವೊಂದೇ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿದು. ಬೀರುವಿನಲ್ಲಿ ಒತ್ತೊತ್ತಾಗಿ ತುರುಕಿದ ಸೀರೆ, ಅಟ್ಟದ ಮೇಲೆ ಪೇರಿಸಿದ ರಟ್ಟಿನ ಪೆಟ್ಟಿಗೆ, ಮಂಚದ ಕೆಳಗೆ ತಳ್ಳಿದ ಟ್ರಂಕು, ಇವುಗಳ ನಡುವೆ ಗಾಳಿ ಆಡುವುದಿಲ್ಲ. ಗಾಳಿ ಆಡದಲ್ಲಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ಬಿಸಾಡಲು ಮನಸ್ಸು ಬಾರದೆ ಅಲ್ಲೇ ಬಿಟ್ಟರೆ ಪಕ್ಕದಲ್ಲಿರುವ ಒಳ್ಳೆಯದಕ್ಕೂ ಅದೇ ಗತಿ. ಹಾಗಾಗಿ ಇಲ್ಲಿ ಹೇಳುವ ಕ್ರಮಕ್ಕೆಲ್ಲ ಅಳತೆಗೋಲು ಒಂದೇ, ಗಾಳಿಗೆ ದಾರಿ ಬಿಡುವುದು. ಕಮ್ಮಿ ಸಾಮಾನಿನ ಮನೆ ನೋಡಲು ಚೆಂದ ಎನ್ನುವುದು ಆಮೇಲಿನ ಮಾತು. ಆಗಸ್ಟ್ ತಿಂಗಳ ಮಧ್ಯದಲ್ಲಿ ಬಾಗಿಲು ತೆರೆದರೂ ಮುಗ್ಗಲು ವಾಸನೆ ಬಾರದ ಬೀರು ಕೊಡುವ ಖುಷಿಯೇ ಬೇರೆ.

ಯಾವಾಗ ಶುರು ಮಾಡಬೇಕು

ಮಳೆಗಾಲದಲ್ಲಿ ಬೇಡವೇ ಬೇಡ. ಹೊರಗೆ ಹೋಗಲಾಗದೆ ಮನೆಯಲ್ಲೇ ಇದ್ದೇವಲ್ಲ, ಈಗಲೇ ಮುಗಿಸೋಣ ಎಂದು ಜುಲೈಯಲ್ಲಿ ಅಟ್ಟಕ್ಕೆ ಕೈ ಹಾಕುವವರು ಬಹಳ. ತೆಗೆದದ್ದನ್ನು ಒಣಗಿಸಲು ಬಿಸಿಲಿಲ್ಲ, ಕೊಡಬೇಕಾದ್ದನ್ನು ಸಾಗಿಸಲು ದಾರಿ ಸರಿಯಿಲ್ಲ, ಕೊನೆಗೆ ಎಲ್ಲವೂ ಇನ್ನಷ್ಟು ಪಸೆ ಹೀರಿಕೊಂಡು ಅಟ್ಟಕ್ಕೇ ಹಿಂತಿರುಗುತ್ತದೆ.

ಸರಿಯಾದ ಕಾಲ ಅಕ್ಟೋಬರ್ 17ರ ಆಸುಪಾಸಿನ ಕಾವೇರಿ ಸಂಕ್ರಮಣದಿಂದ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯವರೆಗೆ. ಹುತ್ತರಿ ನವೆಂಬರ್ ಕೊನೆಗೋ ಡಿಸೆಂಬರ್‌ಗೋ ಬರುವುದರಿಂದ ಐದಾರು ವಾರ ಕೈಯಲ್ಲಿರುತ್ತದೆ. ಹಬ್ಬಕ್ಕೆ ಹೇಗೂ ಮನೆ ತೊಳೆದು ಸಾರಿಸಲೇಬೇಕು. ಅದಕ್ಕಿಂತ ದೊಡ್ಡ ಅನುಕೂಲವೆಂದರೆ ಕಾಫಿ ಒಣಗಿಸುವ ಕಣ ಆಗ ಖಾಲಿ. ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ ಅಷ್ಟು ದೊಡ್ಡ ಬಿಸಿಲಿನ ನೆಲ ಕಾಫಿ ಬೆಳೆಯದ ಊರಿನ ಮನೆಯವರಿಗೆ ಸಿಗುವುದಿಲ್ಲ, ಬಳಸಿಕೊಳ್ಳಿ. ಹಿಂಗಾರು ಮಳೆ ಮಧ್ಯಾಹ್ನದ ಮೇಲೆ ಸುರಿಯುವುದುಂಟು. ಬೆಳಿಗ್ಗೆ 9ಕ್ಕೆ ಹರಡಿ, ಆಕಾಶ ನೋಡಿಕೊಂಡು 2ರಿಂದ 3ರೊಳಗೆ ಒಳಗೆ ತನ್ನಿ. ಸಂಜೆಯಾದ ಹಾಗೆ ಗಾಳಿಯಲ್ಲಿ ತೇವ ಏರುತ್ತದೆ, ಬಟ್ಟೆ ಕಾಗದ ಎರಡೂ ಅದನ್ನು ವಾಪಸ್ ಕುಡಿಯುತ್ತವೆ.

ರೊಬಸ್ಟಾ ಕೆಲಸ ಮುಗಿದ ಮೇಲೆ, ಏಪ್ರಿಲ್ ಮೇ ತಿಂಗಳಲ್ಲಿ ಎರಡನೆಯ ಸಣ್ಣ ಸುತ್ತು. ಅದು ಪರೀಕ್ಷೆ ಮಾತ್ರ, ಕೊನೆಯಲ್ಲಿ ಹೇಳಿದೆ. ಕುಶಾಲನಗರದ ಕಡೆ ಮಳೆ ಕಮ್ಮಿ, ಅಲ್ಲಿಯವರಿಗೆ ದಿನದ ಲೆಕ್ಕ ಇಷ್ಟು ಬಿಗಿ ಬೇಡ. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯವರು ಒಂದು ವಾರವನ್ನೂ ಕಳೆದುಕೊಳ್ಳದಿರುವುದು ಒಳ್ಳೆಯದು.

ಮೊದಲು ಕೈಯಲ್ಲಿರಬೇಕಾದದ್ದು

ಗಟ್ಟಿ ಗೋಣಿಚೀಲ 6, ಹಳೆಯ ಬೆಡ್‌ಶೀಟ್ 4, ಮಾರ್ಕರ್ ಪೆನ್ನು, ಎನ್-95 ಮಾಸ್ಕ್, ರಬ್ಬರ್ ಗ್ಲೌಸ್, ಬಿಳಿ ವಿನೆಗರ್ 1 ಲೀಟರ್, ಹಳೆಯ ಹತ್ತಿ ಪಂಚೆ ನಾಲ್ಕಾರು, ಇಟ್ಟಿಗೆ ಒಂದು ಹತ್ತಿಪ್ಪತ್ತು. ಡಬ್ಬ, ಬುಟ್ಟಿ, ಪ್ಲಾಸ್ಟಿಕ್ ಡ್ರಾಯರ್ ಯಾವುದನ್ನೂ ಈಗ ಕೊಳ್ಳಬೇಡಿ. ಕಮ್ಮಿ ಮಾಡುವ ಮೊದಲೇ ಡಬ್ಬ ತಂದವರ ಮನೆಯಲ್ಲಿ ಡಬ್ಬಗಳೇ ಹೊಸ ಸಾಮಾನಾಗಿ ಕೂರುತ್ತವೆ.

ಪ್ರತಿ ವಸ್ತುವಿಗೂ ನಾಲ್ಕೇ ದಾರಿ: ಇರಲಿ, ಕೊಡು, ಗುಜರಿ, ಗೊತ್ತಿಲ್ಲ. ‘ಗೊತ್ತಿಲ್ಲ’ಕ್ಕೆ ಇಡೀ ಮನೆಗೆ ಒಂದೇ ರಟ್ಟಿನ ಪೆಟ್ಟಿಗೆ, ಅದರ ಮೇಲೆ ತಾರೀಕು. ಮುಂದಿನ ಹುತ್ತರಿಯೊಳಗೆ ಅದನ್ನು ಯಾರೂ ತೆರೆಯದಿದ್ದರೆ ಉತ್ತರ ಸಿಕ್ಕಿತು.

ತೀರ್ಮಾನಕ್ಕೆ ಎರಡು ಪ್ರಶ್ನೆ ಸಾಕು. ಹೋದ ಒಂದು ವರ್ಷದಲ್ಲಿ ಇದು ಕೆಲಸಕ್ಕೆ ಬಂತೇ? ಬಂದಿಲ್ಲವಾದರೆ, ಕೈಗೆ ತೆಗೆದುಕೊಂಡಾಗ ಮನಸ್ಸಿಗೆ ಹಿತವಾಗುತ್ತದೆಯೇ, ಭಾರವೇ? ಎರಡನೆಯದಕ್ಕೆ ಸುಳ್ಳು ಹೇಳಿಕೊಳ್ಳುವುದು ಸುಲಭ, ಅದಕ್ಕೇ ವಸ್ತುವನ್ನು ಬೀರುವಿನೊಳಗೆ ಇಟ್ಟುಕೊಂಡು ನೋಡಬಾರದು. ಹೊರಗೆ ತಂದು, ಬೆಳಕಿನಲ್ಲಿ, ಕೈಯಲ್ಲಿ ಹಿಡಿದು ನೋಡಬೇಕು.

ದಿನಕ್ಕೆ ಎರಡು ತಾಸು ಮಿತಿ. ಅದಕ್ಕಿಂತ ಹೆಚ್ಚಾದರೆ ಕೊನೆಯ ಅರ್ಧ ತಾಸಿನಲ್ಲಿ ಎಲ್ಲವೂ ‘ಇರಲಿ’ ಆಗುತ್ತದೆ, ಇಲ್ಲವೇ ಸಿಟ್ಟಿನಲ್ಲಿ ಎಲ್ಲವೂ ಗುಜರಿಗೆ ಹೋಗುತ್ತದೆ.

ಜಗಲಿಯಿಂದ ಆರಂಭ

ಕಷ್ಟದ್ದು ಮೊದಲು ಮುಗಿಸೋಣ ಎಂದು ಹಳೆಯ ಫೋಟೊ, ಕಾಗದಗಳಿಂದ ಶುರು ಮಾಡಿದರೆ ಅಲ್ಲೇ ಕೂತು ಸಂಜೆಯಾಗುತ್ತದೆ. ಜಗಲಿ ಒಂದೇ ಬೆಳಿಗ್ಗೆಯಲ್ಲಿ ಮುಗಿಯುತ್ತದೆ, ಬಂದವರಿಗೂ ಕಾಣುತ್ತದೆ, ಮುಂದಿನ ಕೆಲಸಕ್ಕೆ ಹುರುಪು ಬರುತ್ತದೆ.

ಕೊಡೆಗಳನ್ನೆಲ್ಲ ಬಿಡಿಸಿ ಸಾಲಾಗಿ ಇಡಿ. ಮನೆಯಲ್ಲಿ ಇರುವವರಿಗೆ ತಲೆಗೊಂದು, ನೆಂಟರಿಗೆ ಎರಡು. ಕಡ್ಡಿ ಮುರಿದದ್ದು ರಿಪೇರಿ ಆಗುವುದಾದರೆ ಈ ವಾರವೇ ಆಗಬೇಕು, ‘ಯಾವತ್ತಾದರೂ’ ಎಂದು ನಿಂತದ್ದು ನಾಲ್ಕು ವರ್ಷದಿಂದ ಅಲ್ಲೇ ನಿಂತಿರುತ್ತದೆ. ಗಂಬೂಟನ್ನು ತೊಳೆದು, ಗೋಡೆಯಿಂದ ಹೊರಕ್ಕೆ ಚಾಚಿದ ಒಂದಡಿ ಉದ್ದದ ಮರದ ಗೂಟಗಳಿಗೆ ತಲೆಕೆಳಗಾಗಿ ಸಿಕ್ಕಿಸಿ. ಒಳಗಿನ ನೀರೂ ಇಳಿಯುತ್ತದೆ, ಕಪ್ಪೆ ಜಿಗಣೆಗಳಿಗೂ ಮನೆ ಸಿಗುವುದಿಲ್ಲ. ಅಟ್ಟೆ ಬಿರಿದ ಬೂಟನ್ನು ತೋಟಕ್ಕೆ ಆಗುತ್ತದೆಂದು ಇಟ್ಟುಕೊಳ್ಳುವುದು ಬೇಡ, ತೋಟಕ್ಕೇ ತಾನೇ ಒಳ್ಳೆಯ ಬೂಟು ಬೇಕಾದದ್ದು. ಕತ್ತಿ, ಕತ್ತರಿ, ಟಾರ್ಚ್‌ಗೆ ತಲಾ ಒಂದು ಮೊಳೆ, ಮೊಳೆಯ ಮೇಲೆ ಹೆಸರು.

ಬೀರು: ಇಲ್ಲಿ ಆತುರ ಬೇಡ

ಮೊದಲ ಕೆಲಸ ಬಟ್ಟೆ ತೆಗೆಯುವುದಲ್ಲ, ಬೀರುವನ್ನೇ ಗೋಡೆಯಿಂದ ಎಳೆಯುವುದು. ಅದರ ಬೆನ್ನಿಗೆ ಟಾರ್ಚ್ ಬಿಟ್ಟು ನೋಡಿ. ಮರದ ಬೀರುವಾದರೆ ಕೆಳಗಿನ ಒಂದಡಿಯಲ್ಲಿ ಬೂದಿ ಉದುರಿಸಿದ ಹಾಗೆ ಬೆಳ್ಳಗೆ ಕೂತಿರುತ್ತದೆ. ಕಬ್ಬಿಣದ್ದಾದರೆ ಬಣ್ಣ ಗುಳ್ಳೆ ಎದ್ದು ತುಕ್ಕು. ಬಟ್ಟೆಯ ವಾಸನೆ ಶುರುವಾಗುವುದು ಇಲ್ಲಿಂದ. ಮಳೆ ಹೊಡೆಯುವ ಗೋಡೆಗೆ ಬೀರು ತಾಗಿದ್ದರೆ ಒಳಗೆ ನೀವು ಏನು ಇಟ್ಟರೂ ಪ್ರಯೋಜನ ಇಲ್ಲ. ಸಾಧ್ಯವಾದರೆ ಒಳಗೋಡೆಗೆ ಸರಿಸಿ. ಆಗದಿದ್ದರೆ ಗೋಡೆಗೂ ಬೀರುವಿಗೂ ನಡುವೆ ನಾಲ್ಕು ಬೆರಳಗಲ ಜಾಗ, ಕಾಲಡಿಗೆ ಇಟ್ಟಿಗೆ.

ಮರದ ಮೇಲಿನ ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬಾರದು, ಧೂಳಾಗಿ ಎದ್ದು ಇಡೀ ಕೋಣೆಗೆ ಹರಡುತ್ತದೆ. ಮಾಸ್ಕ್ ಹಾಕಿಕೊಂಡು, ಕಿಟಕಿ ತೆರೆದು, ಅರ್ಧ ವಿನೆಗರ್ ಅರ್ಧ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಒಂದು ತಾಸು ಬಿಟ್ಟು ಮತ್ತೆ ಒರೆಸಿ, ಆಮೇಲೆ ಎರಡು ದಿನ ಬಾಗಿಲು ತೆರೆದು ಒಣಗಲು ಬಿಡಿ. ಬ್ಲೀಚಿಂಗ್ ನೀರು ಮರಕ್ಕೆ ಕೆಲಸ ಮಾಡುವುದಿಲ್ಲ. ಮೇಲಿನ ಬಣ್ಣ ಹೋಗುತ್ತದೆ, ಬೇರು ಮರದೊಳಗೇ ಉಳಿಯುತ್ತದೆ. ಬ್ಲೀಚಿಂಗ್ ಮತ್ತು ವಿನೆಗರನ್ನು ಯಾವ ಕಾರಣಕ್ಕೂ ಕೂಡಿಸಬೇಡಿ, ವಿಷದ ಗಾಳಿ ಏಳುತ್ತದೆ.

ಈಗ ಬಟ್ಟೆ. ಮನೆಯಲ್ಲಿ ಒಬ್ಬೊಬ್ಬರದ್ದೇ ಒಂದೊಂದು ದಿನ, ಇದ್ದಬದ್ದದ್ದೆಲ್ಲ ಕಣದ ಬೆಡ್‌ಶೀಟ್ ಮೇಲೆ. ಮಳೆಗಾಲದಲ್ಲಿ ಬಟ್ಟೆ ಒಣಗಲು ಮೂರು ನಾಲ್ಕು ದಿನ ಹಿಡಿಯುವುದರಿಂದ ಇಲ್ಲಿ ನಿತ್ಯದ ಬಟ್ಟೆ ಬಯಲುಸೀಮೆಯವರಿಗಿಂತ ಹೆಚ್ಚೇ ಬೇಕು. ಬೇಗ ಒಣಗುವ ಎಂಟು ಹತ್ತು ಜೊತೆ ಇರಲಿ. ದಪ್ಪ ಜೀನ್ಸ್ ಮೂರು ನಾಲ್ಕು ಇಟ್ಟುಕೊಂಡು ಪ್ರಯೋಜನವಿಲ್ಲ. ಸ್ವೆಟರ್, ಕಂಬಳಿ ಒಗೆಯದೆ ಒಳಗಿಡಬಾರದು, ಬೆವರು ಎಣ್ಣೆಯ ಕಲೆ ಇದ್ದಲ್ಲೇ ನುಸಿ ತೂತು ಮಾಡುವುದು.

ರೇಷ್ಮೆ ಸೀರೆ, ಕುಪ್ಯ (ಕೊಡವ ಗಂಡಸರ ನಿಲುವಂಗಿ), ಚೇಲೆಗೆ (ಅದರ ಮೇಲೆ ಕಟ್ಟುವ ರೇಷ್ಮೆಯ ಸೊಂಟಪಟ್ಟಿ) ಬೇರೆ ಕ್ರಮ:

1. ನೇರ ಬಿಸಿಲಿಗೆ ಹಾಕಬೇಡಿ, ಬಣ್ಣ ಇಳಿಯುತ್ತದೆ. ಜಗಲಿಯ ನೆರಳಿನಲ್ಲಿ, ಗಾಳಿಯಲ್ಲಿ ಎರಡು ತಾಸು.
2. ಹಳೆಯ ಮಡಿಕೆಯ ಗೆರೆಗೆ ಬೆರಳು ಆಡಿಸಿ. ಅಲ್ಲಿ ನೂಲು ಗರಗರ ಎಂದರೆ ಅಥವಾ ಬೆಳಕಿಗೆ ಹಿಡಿದಾಗ ಗೆರೆ ಹೊಳೆದರೆ ಅದು ಹರಿಯಲು ತಯಾರಾಗಿದೆ. ಮಡಿಕೆಯನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿ ಮಡಚಿ. ಮೂರು ತಿಂಗಳಿಗೊಮ್ಮೆ ಹೀಗೆ ಗೆರೆ ಬದಲಾಗಬೇಕು.
3. ಜರಿ ಒಳಗೆ ಬರುವಂತೆ ಮಡಚಿ, ತೊಳೆದ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ. ಪಂಚೆಗೆ ಗಂಜಿ ಇರಕೂಡದು, ಗಂಜಿ ಹುಳಕ್ಕೆ ಊಟ. ಅಂಗಡಿಯ ಪ್ಲಾಸ್ಟಿಕ್ ಕವರ್ ತಕ್ಷಣ ಬಿಸಾಡಿ. ಒಳಗಿನ ಪಸೆ ಹೊರಗೆ ಹೋಗದಂತೆ ಹಿಡಿದಿಡುವುದೇ ಅದು.
4. ನುಸಿಗುಳಿಗೆ ಇಡುವುದಾದರೆ ಬಟ್ಟೆಯ ಪೊಟ್ಟಣದಲ್ಲಿ, ಜರಿಗೆ ತಾಗದಂತೆ, ಮೇಲಿನ ಹಲಗೆಯಲ್ಲಿ. ಲಾವಂಚದ ಬೇರು ವಾಸನೆಗೆ ಒಳ್ಳೆಯದು, ಆದರೆ ಪಸೆ ಹೀರುತ್ತದೆಂದು ನಂಬಬೇಡಿ.
5. ಒಂದು ಹಲಗೆಯಲ್ಲಿ ಮೇಲಿಂದ ಮೇಲೆ ಆರಕ್ಕಿಂತ ಹೆಚ್ಚು ಸೀರೆ ಬೇಡ. ಅಂಗೈ ಚಪ್ಪಟೆಯಾಗಿ ನುಗ್ಗುವಷ್ಟು ಜಾಗ ಸುತ್ತಲೂ ಉಳಿಯಲಿ.

ಪಸೆ ಹೀರಲು ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಕೆಲಸ ಮಾಡುತ್ತದೆ. ಉಪ್ಪಿನ ಹರಳು ಕರಗಿ ಕೆಳಗೆ ನೀರು ನಿಲ್ಲುತ್ತದೆ. ಜುಲೈಯಲ್ಲಿ ಒಂದು ಡಬ್ಬಿ ನಾಲ್ಕು ವಾರಕ್ಕೇ ತುಂಬಬಹುದು, ವಾರಕ್ಕೊಮ್ಮೆ ನೋಡುತ್ತಿರಿ. ಅದನ್ನು ಯಾವಾಗಲೂ ಎಲ್ಲಕ್ಕಿಂತ ಕೆಳಗೆ, ಸಣ್ಣ ತಟ್ಟೆಯಲ್ಲಿ ಇಡಿ. ಮೇಲಿನ ಹಲಗೆಯಲ್ಲಿಟ್ಟು ಮಗುಚಿದರೆ ಆ ನೀರು ರೇಷ್ಮೆಗೂ ಚರ್ಮಕ್ಕೂ ಕಬ್ಬಿಣಕ್ಕೂ ಕೇಡು. ಬೀರುವಿನೊಳಗೆ ಬಲ್ಬ್ ಉರಿಸುವ ಹಳೆಯ ಪದ್ಧತಿ ಕೆಲವು ಮನೆಗಳಲ್ಲಿದೆ. ಬಟ್ಟೆ ಜಾರಿ ಬಲ್ಬ್ ಮೇಲೆ ಬಿದ್ದರೆ ಬೆಂಕಿ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ಬಿಟ್ಟುಬಿಡಿ.

ಕೊಡುವ ಬಟ್ಟೆಯ ಬಗ್ಗೆ ಒಂದು ಮಾತು. ಗುಂಡಿ ಇಲ್ಲದ್ದು, ಕಂಕುಳು ಹರಿದದ್ದನ್ನೆಲ್ಲ ಗೋಣಿಗೆ ತುಂಬಿ ತೋಟದ ಕೆಲಸಗಾರರ ಲೈನ್ ಮನೆಗೆ ಕಳಿಸುವುದು ಕೊಡುವುದಲ್ಲ, ನಮ್ಮ ಕಸವನ್ನು ಅವರ ಸಣ್ಣ ಕೋಣೆಗೆ ಸಾಗಿಸುವುದು. ಒಗೆದು, ಹೊಲಿದು, ಬೇಕೇ ಎಂದು ಕೇಳಿ ಕೊಡಿ. ಉಳಿದದ್ದು ಒರೆಸುವ ಬಟ್ಟೆ.

ಟ್ರಂಕು

ಪಟ್ಟಾಳದಲ್ಲಿ, ಅಂದರೆ ಸೈನ್ಯದಲ್ಲಿ, ಇದ್ದವರ ಮನೆಯಲ್ಲೆಲ್ಲ ಒಂದು ಕಪ್ಪು ಕಬ್ಬಿಣದ ಟ್ರಂಕು ಇರುತ್ತದೆ, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಹೆಸರು ಬರೆದದ್ದು. ಅದರ ತಳ ನೋಡಿ, ನೆಲಕ್ಕೆ ತಾಗಿದ ಅಂಚಿನಿಂದಲೇ ತುಕ್ಕು ಮೇಲೇರುವುದು. ಉಜ್ಜಿ, ರೆಡ್ ಆಕ್ಸೈಡ್ ಒಂದು ಕೋಟ್ ಹೊಡೆದು, ಎರಡು ಇಟ್ಟಿಗೆಯ ಮೇಲೆ ಇಡಿ. ಹಳೆಯ ಯೂನಿಫಾರ್ಮನ್ನು ಬ್ಯಾಡ್ಜ್ ಸಮೇತ ಯಾರಿಗೂ ಕೊಡಬಾರದು, ಗುಜರಿಗೂ ಹಾಕಬಾರದು. ಇಟ್ಟುಕೊಳ್ಳುವುದಾದರೆ ಒಂದೇ ಜೊತೆ. ಪದಕಗಳ ರಿಬ್ಬನ್ ಬೂಷ್ಟಿಗೆ ಬೇಗ ಬಲಿಯಾಗುತ್ತದೆ, ಹತ್ತಿ ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿನ ಹಲಗೆಯಲ್ಲಿಡಿ. ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮನೆ ಸನ್ನಿಸೈಡ್ ಈಗ ವಸ್ತು ಸಂಗ್ರಹಾಲಯ. ಪ್ರತಿ ಮನೆಯೂ ಹಾಗಾಗಬೇಕಿಲ್ಲ. ಎದ್ದು ಕಾಣುವಂತೆ ಗೋಡೆಗೆ ಹಾಕಿದ ಒಂದು ಫೋಟೊ, ಟ್ರಂಕಿನ ತಳದಲ್ಲಿ ಅಂಟಿಕೊಂಡ ನಲವತ್ತು ಫೋಟೊಗಳಿಗಿಂತ ಹೆಚ್ಚು ಗೌರವ.

ಅಡುಗೆಮನೆ

ಇಲ್ಲಿ ಶತ್ರು ಬಾಟಲಿ. ಹಾರ್ಲಿಕ್ಸ್ ಬಾಟಲಿ, ಜೇನಿನ ಬಾಟಲಿ, ಮಿಲಿಟರಿ ಕ್ಯಾಂಟೀನಿನಿಂದ ಬಂದು ಖಾಲಿಯಾದ ರಮ್ ಬಾಟಲಿ, ಐಸ್‌ಕ್ರೀಂ ಡಬ್ಬ. ಎಲ್ಲವನ್ನೂ ಮೇಜಿನ ಮೇಲೆ ತಂದು ಮುಚ್ಚಳ ಹಾಕಿ ನೋಡಿ. ಜೋಡಿ ಇಲ್ಲದ ಮುಚ್ಚಳ, ಮುಚ್ಚಳ ಇಲ್ಲದ ಡಬ್ಬ ಆವತ್ತೇ ಹೊರಗೆ. ಉಳಿದದ್ದರಲ್ಲಿ ವರ್ಷದ ವೈನಿಗೆ, ಉಪ್ಪಿನಕಾಯಿಗೆ, ಜೇನಿಗೆ ಎಷ್ಟು ಬೇಕೋ ಎಣಿಸಿ, ಅದರ ಮೇಲೆ ಐದು. ಕಾಚಂಪುಳಿ (ಕೊಡಗಿನ ಅಡುಗೆಗೆ ಹಾಕುವ ಕಪ್ಪು ಹುಳಿ ರಸ) ಗಾಜಿನಲ್ಲೇ ಇರಲಿ, ಪ್ಲಾಸ್ಟಿಕ್ ಮುಚ್ಚಳವೋ ಬಿರಡೆಯೋ ಹಾಕಿ. ಅದರ ಹುಳಿಗೆ ತಗಡಿನ ಮುಚ್ಚಳ ತುಕ್ಕು ಹಿಡಿದು ಒಳಗೆ ಉದುರುತ್ತದೆ. ಒಳ್ಳೆಯ ಕಾಚಂಪುಳಿ ವರ್ಷಗಟ್ಟಲೆ ಕೆಡುವುದಿಲ್ಲ, ಹಳೆಯದೆಂದು ಚೆಲ್ಲಬೇಡಿ.

ವರ್ಷಕ್ಕೊಮ್ಮೆ ಬಳಸಿದ್ದನ್ನು ಬಿಸಾಡು ಎಂಬ ನಿಯಮ ಇಲ್ಲಿಗೆ ಹೊಂದುವುದಿಲ್ಲ. ನೂಪುಟ್ಟಿನ (ಅಕ್ಕಿ ಶ್ಯಾವಿಗೆಯ) ಒತ್ತು, ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬೇಯಿಸುವ ಪಾತ್ರೆ ಹಬ್ಬಕ್ಕಷ್ಟೇ ಇಳಿದರೂ ಇರಲೇಬೇಕು. ಹೋಗಬೇಕಾದದ್ದು ಮದುವೆಗಳಲ್ಲಿ ಬಂದ ಅದೇ ಅಳತೆಯ ಆರು ಸ್ಟೀಲ್ ಡಬ್ಬ, ತೆರೆಯದ ಡಿನ್ನರ್ ಸೆಟ್, ಹಿಡಿ ಸುಟ್ಟ ಬಾಣಲೆ. ಡಿನ್ನರ್ ಸೆಟ್ ಅಷ್ಟು ಚೆಂದವಿದ್ದರೆ ನಾಳೆಯಿಂದ ಅದರಲ್ಲೇ ಊಟ ಮಾಡಿ, ನಿತ್ಯದ ಸೊಟ್ಟ ತಟ್ಟೆಗಳನ್ನು ಗುಜರಿಗೆ ಹಾಕಿ. ಈ ಒಂದು ಬದಲಾವಣೆಗೆ ಖರ್ಚಿಲ್ಲ, ಖುಷಿ ಮಾತ್ರ ದಿನಕ್ಕೆ ಮೂರು ಹೊತ್ತು.

ಕಾಗದಪತ್ರ

ಊಟದ ಮೇಜು ಖಾಲಿ ಮಾಡಿ ನಾಲ್ಕು ಗುಡ್ಡೆ: ಜಾಗ, ಮನುಷ್ಯರು, ಹಣ, ಉಳಿದದ್ದು.

ಜಾಗದ ಗುಡ್ಡೆಯಿಂದ ಏನನ್ನೂ ಬಿಸಾಡಬೇಡಿ. ಪಹಣಿಯ ಹೊಸ ಪ್ರತಿ ಸರ್ಕಾರದ ‘ಭೂಮಿ’ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಮತ್ತೆ ಸಿಗುತ್ತದೆ ನಿಜ. ಕೈಬರಹದ ಹಳೆಯ ಪಹಣಿ, ಜಮ್ಮಾ ಜಾಗದ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ) ದಾಖಲೆ, ವಿಭಾಗ ಪತ್ರ, ಕಂದಾಯ ರಸೀದಿ ಇವುಗಳ ಬೆಲೆ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಓಡಾಡುವಾಗ ಗೊತ್ತಾಗುತ್ತದೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡುವ ವಿನಾಯಿತಿ ಪತ್ರವೂ ಇದರ ಜೊತೆಗಿರಲಿ. ಲ್ಯಾಮಿನೇಷನ್ ಮಾಡಿಸುವುದು ದೊಡ್ಡ ತಪ್ಪು. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಬಿಡಿಸಲಾಗುವುದಿಲ್ಲ, ಒಳಗೆ ಸಿಕ್ಕಿದ ಪಸೆಯೂ ಹೊರಬರುವುದಿಲ್ಲ. ಒಂದು ಬೆಳಿಗ್ಗೆ ನೆರಳಿನಲ್ಲಿ ಒಣಗಿಸಿ, ಪ್ರತಿ ಪುಟದ ಫೋಟೊ ಫೋನಿನಲ್ಲಿ ತೆಗೆದು, ಜಿಪ್ ಇರುವ ಫೈಲಿಗೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಹಾಕಿ. ತುಕ್ಕು ಹಿಡಿಯುವ ಪಿನ್ನು, ರಬ್ಬರ್ ಬ್ಯಾಂಡ್ ತೆಗೆದುಬಿಡಿ.

ಮನೆಯವರ ಗುರುತಿನ ಚೀಟಿ, ಪಾಸ್‌ಬುಕ್, ಜಾಗದ ಮುಖ್ಯ ದಾಖಲೆ ಇಷ್ಟನ್ನು ಎತ್ತಿಕೊಂಡು ಹೊರಡುವಂಥ ಒಂದೇ ಚೀಲದಲ್ಲಿ, ಮಲಗುವ ಕೋಣೆಯ ಬಾಗಿಲ ಹತ್ತಿರ ಇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮನೆ ಬಿಟ್ಟು ಓಡಿದವರಿಗೆ ಬೀರು ತೆರೆಯುವಷ್ಟು ಹೊತ್ತೂ ಇರಲಿಲ್ಲ.

ಕರೆಂಟ್ ಬಿಲ್ಲು, ಹಳೆಯ ಆಹ್ವಾನ ಪತ್ರಿಕೆ, ಸುಟ್ಟುಹೋದ ಮಿಕ್ಸಿಯ ವಾರಂಟಿ ಕಾರ್ಡು, ಎಲ್ಲ ಹೋಗಲಿ. ಕಾಫಿ, ಕರಿಮೆಣಸು ಮಾರಿದ ರಸೀದಿಗಳನ್ನು ಮಾತ್ರ ನಿಮ್ಮ ಲೆಕ್ಕ ನೋಡುವವರನ್ನು ಕೇಳಿಯೇ ತೆಗೆಯಿರಿ.

ಬೆಂಗಳೂರಿನಲ್ಲಿರುವ ಮಕ್ಕಳ ಹತ್ತನೇ ಕ್ಲಾಸಿನ ನೋಟ್‌ಬುಕ್ ಗುಡ್ಡೆಯನ್ನು ಅವರಿಗೇ ವೀಡಿಯೊ ಕಾಲ್‌ನಲ್ಲಿ ತೋರಿಸಿ. ತಂದೆತಾಯಿ ಜೋಪಾನ ಮಾಡಿದ್ದನ್ನು ಮಕ್ಕಳು ಎರಡು ನಿಮಿಷದಲ್ಲಿ ‘ಹಾಕಿಬಿಡಿ’ ಎನ್ನುತ್ತಾರೆ.

ಸ್ಟೋರ್ ರೂಮು

ಇದಕ್ಕೆ ಮಾಸ್ಕ್, ಗ್ಲೌಸ್ ಕಡ್ಡಾಯ, ಮಕ್ಕಳು ದೂರ. ಹಳೆಯ ತೋಟದ ಮನೆಗಳ ಮೂಲೆಯಲ್ಲಿ ಕಾಂಡಕೊರಕಕ್ಕೆಂದು ತಂದ ಲಿಂಡೇನ್, ಇಲ್ಲವೇ ಎಂಡೋಸಲ್ಫಾನ್ ಡಬ್ಬ ಇನ್ನೂ ಸಿಗುತ್ತವೆ. ಎರಡೂ ಈಗ ನಿಷೇಧ. ತೋಡಿಗೆ ಸುರಿಯಬೇಡಿ, ಇಲ್ಲಿನ ತೋಡೆಲ್ಲ ಹೊಳೆ ಸೇರುವುದೇ. ಡಬ್ಬ ಸೋರದಂತೆ ಇನ್ನೊಂದು ಬಕೆಟಿನೊಳಗಿಟ್ಟು, ಬೀಗ ಹಾಕಿ, ಕೃಷಿ ಇಲಾಖೆಯ ಕಚೇರಿಗೆ ತಿಳಿಸಿ. ಗಿಡದ ಬೂಷ್ಟು ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದು ಉಳಿದ ಮೈಲುತುತ್ತು ಒಡೆದ ಚೀಲದಲ್ಲಿದ್ದರೆ ಸುತ್ತಲಿನ ಕಬ್ಬಿಣವನ್ನೆಲ್ಲ ತಿನ್ನುತ್ತದೆ, ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಸಾಕು, ಆ ಲೆಕ್ಕದಲ್ಲಿ ಈ ವರ್ಷಕ್ಕೆ ಇನ್ನೆಷ್ಟು ತರಬೇಕೆಂದು ನೋಡಿ. ಯೂರಿಯಾ ಗಾಳಿಯ ಪಸೆ ಎಳೆದು ನೀರಾಗುತ್ತದೆ, ವಾಸದ ಮನೆಯಿಂದ ಹೊರಗಿರಲಿ. ಔಷಧಿ, ಗೊಬ್ಬರದ ಕೋಣೆಯಲ್ಲಿ ಕಾಫಿ ಮೂಟೆ ಇಡಲೇಬಾರದು, ಕಾಫಿ ವಾಸನೆಯನ್ನು ಎಳೆದುಕೊಳ್ಳುತ್ತದೆ.

ಸ್ಪ್ರಿಂಕ್ಲರ್ ಸಾಮಾನಿಗೆ ಒಂದು ಪೂರ್ತಿ ಬೆಳಿಗ್ಗೆ ಕೊಡಿ. ಹೂವಿಗೆ ನೀರು ಕೊಡುವ ಫೆಬ್ರುವರಿ ಮಾರ್ಚ್‌ನಲ್ಲಿ, ಮೋಟಾರು ಓಡುತ್ತಿರುವಾಗ, ಒಂದು ವಾಷರಿಗಾಗಿ ಇಡೀ ಸ್ಟೋರ್ ಕೆದಕುವ ಸಂಕಟ ತೋಟದವರಿಗೆಲ್ಲ ಗೊತ್ತು. ನಾಝಲ್, ರಬ್ಬರ್ ವಾಷರ್, ಕಪ್ಲಿಂಗ್ ಕ್ಲಿಪ್, ತಲಾ ಒಂದು ಡಬ್ಬ, ಹೊರಗೆ ದೊಡ್ಡದಾಗಿ ಹೆಸರು. ವಾಷರನ್ನು ಎರಡು ಬೆರಳಲ್ಲಿ ಮಡಚಿ, ಬಿರುಕು ಕಂಡರೆ ಗುಜರಿ.

ಗೋಣಿಚೀಲಗಳನ್ನು ಕೊಡವಿ, ಬಿಸಿಲಿಗೆ ಹಾಕಿ, ಈ ಕೊಯ್ಲಿಗೆ ಬೇಕಾದಷ್ಟನ್ನು ಮಾತ್ರ ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ ಜೋಡಿಸಿ. ಇಲಿ ಕಡಿದದ್ದು ಗಿಡದ ಬುಡದ ಹೊದಿಕೆಗೆ ಆಗುತ್ತದೆ.

ಕೈ ಹಾಕುವ ಮೊದಲು ಕೇಳಬೇಕಾದದ್ದು

ಐನ್‌ಮನೆಯ, ಅಂದರೆ ಹಿರಿಯರ ಮೂಲಮನೆಯ, ಸಾಮಾನು ಒಬ್ಬರದಲ್ಲ, ಒಕ್ಕದ್ದು, ಇಡೀ ಕುಲದ್ದು. ತೂಗುದೀಪ, ಹಳೆಯ ಹಿತ್ತಾಳೆ, ಒಡಿಕತ್ತಿ (ಕೊಡವರ ಅಗಲ ಅಲಗಿನ ಕತ್ತಿ), ಮರದ ಪೆಟ್ಟಿಗೆ ಏನೇ ಇರಲಿ, ಒಕ್ಕದ ಹಿರಿಯರಾದ ಪಟ್ಟೆದಾರರಿಗೆ ಹೇಳದೆ ಸರಿಸಬೇಡಿ. ಮೊದಲು ಪಟ್ಟಿ ಮಾಡಿ, ಫೋಟೊ ತೆಗೆದು, ಹುತ್ತರಿಗೆ ಎಲ್ಲರೂ ಸೇರಿದಾಗ ಮುಂದಿಡಿ. ಹಿತ್ತಾಳೆಯನ್ನು ಪಾಲಿಷ್ ಮಾಡಿಸಿ ಫಳಫಳ ಮಾಡುವ ಆಸೆ ಕೆಲವರಿಗೆ. ಹುಣಸೆಹಣ್ಣಿಗೆ ಹೋಗುವಷ್ಟು ಹೋಗಲಿ, ಯಂತ್ರದಲ್ಲಿ ಉಜ್ಜಿದರೆ ಕೆತ್ತನೆ ಸವೆಯುತ್ತದೆ.

ಗೋಡೆಯ ಮೇಲಿನ ಜಿಂಕೆ, ಕಡವೆ ಕೊಂಬು ಬೇರೆಯೇ ವಿಷಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇವುಗಳಿಗೆ ಮಾಲೀಕತ್ವದ ಪ್ರಮಾಣಪತ್ರ ಬೇಕು. ಮಾರುವುದು ಅಪರಾಧ. ಹೋಮ್‌ಸ್ಟೇಗೆ ಅಲಂಕಾರವೆಂದು ಯಾರಿಗೂ ಕೊಡಬೇಡಿ, ತೋಟದಲ್ಲಿ ಹೂಳಲೂ ಬೇಡಿ. ಪತ್ರ ಇದೆಯೇ ಎಂದು ಹುಡುಕಿ, ಇಲ್ಲದಿದ್ದರೆ ವಕೀಲರನ್ನು ಕೇಳಿ ಅರಣ್ಯ ಇಲಾಖೆಯನ್ನು ಕಾಣಿ. ಕೆಟ್ಟುಹೋದ ಕೋವಿಯೂ ಹಾಗೆಯೇ, ತುಕ್ಕು ಹಿಡಿದ ನಳಿಗೆಯಾದರೂ ಗುಜರಿಯವನ ಗಾಡಿಗೆ ಹೋಗಬಾರದು. ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.

ಸಾಗಿಸುವ ದಿನ

ಗುಂಪು ಮಾಡಿದ್ದು ಏಳು ದಿನಕ್ಕಿಂತ ಹೆಚ್ಚು ಜಗಲಿಯಲ್ಲಿ ನಿಲ್ಲಬಾರದು, ನಿಂತರೆ ಒಂದೊಂದಾಗಿ ಒಳಗೆ ವಾಪಸ್ ನಡೆಯುತ್ತದೆ. ಪೇಪರು, ಪುಸ್ತಕ ಒಣಗಿರುವಾಗಲೇ ಗುಜರಿಗೆ ಹಾಕಿ, ಒದ್ದೆಯಾದರೆ ಬೆಲೆಯಿಲ್ಲ. ಬ್ಯಾಟರಿ, ಟ್ಯೂಬ್‌ಲೈಟ್, ಹಳೆಯ ಫೋನು ಬೇರೆ ಚೀಲದಲ್ಲಿ. ಪ್ಲಾಸ್ಟಿಕ್ಕನ್ನು ತೋಟದ ಮೂಲೆಯಲ್ಲಿ ಸುಡುವ ಅಭ್ಯಾಸ ನಿಲ್ಲಲಿ, ತೊಳೆದು ಪಂಚಾಯತಿ ಗಾಡಿಗೆ ಕೊಡಿ.

ಮೇ ತಿಂಗಳ ಪರೀಕ್ಷೆ

ಮಳೆ ಹಿಡಿಯುವ ಎರಡು ವಾರ ಮುಂಚೆ ಒಂದು ಬೆಳಿಗ್ಗೆ ಸಾಕು. ಬೀರುವಿನ ಹಿಂದೆ ಕೈ ಇಳಿಸಿ ಮೇಲಿಂದ ಕೆಳಗೆ ಆಡಿಸಿ. ಎಲ್ಲಾದರೂ ಕೈ ಸಿಕ್ಕಿಕೊಂಡರೆ ಬೀರು ಮತ್ತೆ ಗೋಡೆಗೆ ಸರಿದಿದೆ. ಹೆಂಚು ಸೋರುವ ಕಡೆಯ ಅಟ್ಟದ ಕೆಳಗೆ ಏನಿದೆ ನೋಡಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಿಸಿಲಿಗೆ ಹಾಕುವುದಕ್ಕಿಂತ ಹೊಸದು ತರುವುದು ಸುಲಭ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗೆ ತಾರೀಕು ಬರೆದು ಒಳಗಿಡಿ. ಒಣಗಿದ ಸೌದೆ ಒಲೆಯ ಹತ್ತಿರದ ಅಟ್ಟಕ್ಕೆ ಏರಲಿ, ಅದರ ಪಕ್ಕದಲ್ಲಿ ಒದ್ದೆ ಬಟ್ಟೆಗೆ ಎರಡು ಹಗ್ಗ ಕಟ್ಟಿ, ನಡುವೆ ಒಂದಡಿ ಬಿಟ್ಟು. ಆಮೇಲೆ ಕೊಡೆಗಳನ್ನು ಒಮ್ಮೆ ಬಿಡಿಸಿ ಎಣಿಸಿ. ಹುತ್ತರಿಗೆ ಆರಿದ್ದದ್ದು ಒಂಬತ್ತಾಗಿದ್ದರೆ, ಮೂರು ನೆಂಟರು ಬಿಟ್ಟುಹೋದದ್ದು, ಫೋನ್ ಮಾಡಿ ಹೇಳಿ.